ಪ್ರತಿಭಾವಂತ ಶಿಶುವೂ ಶಿಶುವೇ

|| ಶ್ರೀಹರಿಃ ಓಂ ||

(ಶ್ರೀಮಧ್ವನವಮಿಯ ನಿಮಿತ್ತ ನಡೆದ ಪ್ರವಚನದ ಸಂಗ್ರಹ)



ಶ್ರೀಮಧ್ವನವಮಿಯ ಪರ್ವಕಾಲದಲ್ಲಿ ಶ್ರೀಮದಾಚಾರ್ಯರ ದಿಗ್ವಿಜಯ, ವಾದಿನಿಗ್ರಹ, ಗ್ರಂಥರಚನೆ, ಬದರೀಯಾತ್ರೆ ಇವುಗಳನ್ನು ಸ್ಮರಿಸುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಇಂದು ಅವರ ಬಾಲ್ಯವನ್ನು, ಅದಕ್ಕಿಂತ ಹೆಚ್ಚಾಗಿ ಅವರನ್ನು ಸಾಕಿದ ತಂದೆತಾಯಿಗಳನ್ನು ಸ್ಮರಿಸೋಣವೆಂದು ನನಗೆ ಅನಿಸಿದೆ. ಇದಕ್ಕೆ ಕಾರಣವುಂಟು. ಇತ್ತೀಚೆಗೆ ದೇವಸ್ಥಾನಕ್ಕೆ ಬರುವ ತಂದೆತಾಯಿಗಳು ಪುರೋಹಿತರಲ್ಲಿ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದಾಗಿದೆ: “ಆಚಾರ್ಯರೇ, ನಮ್ಮ ಮಗು ಮೂರು ವರ್ಷಕ್ಕೇ ಓದುತ್ತದೆ, ನಾಲ್ಕು ವರ್ಷಕ್ಕೇ ವಾಯುಸ್ತುತಿ ಹೇಳುತ್ತದೆ, ದೊಡ್ಡವರಿಗೂ ಬಾರದ ಲೆಕ್ಕ ಮಾಡುತ್ತದೆ. ಇದನ್ನು ಹೇಗೆ ಬೆಳೆಸಬೇಕು?” ಕೇಳುವವರ ಮುಖದಲ್ಲಿ ಸಂತೋಷವೂ ಇರುತ್ತದೆ, ಒಂದು ಬಗೆಯ ಭಯವೂ ಇರುತ್ತದೆ. ಆ ಭಯ ಒಳ್ಳೆಯದು. ಅದನ್ನು ಕಳೆದುಕೊಳ್ಳಬೇಡಿರೆಂದು ಹೇಳುವುದೇ ಈ ಪ್ರವಚನದ ಉದ್ದೇಶ.

ಶ್ರೀ ನಾರಾಯಣ ಪಂಡಿತಾಚಾರ್ಯರು ಸುಮಧ್ವವಿಜಯದ 16 ಸರ್ಗಗಳಲ್ಲಿ ಎರಡನೆಯ ಮತ್ತು ಮೂರನೆಯ ಸರ್ಗಗಳನ್ನು ಆಚಾರ್ಯರ ಅವತಾರಕ್ಕೂ ಬಾಲ್ಯಕ್ಕೂ ಮೀಸಲಿಟ್ಟಿದ್ದಾರೆ. ಅಲ್ಲಿ ಬರುವ ಅಕ್ಷರಾಭ್ಯಾಸದ ಪ್ರಸಂಗ ನಿಮಗೆಲ್ಲ ತಿಳಿದದ್ದೇ. ಪಾಜಕ ಕ್ಷೇತ್ರದ ಮಧ್ಯಗೇಹ ಭಟ್ಟರು ಮಗ ವಾಸುದೇವನಿಗೆ ಅಕ್ಷರಗಳನ್ನು ಬರೆದು ಕಲಿಸಿದರು. ಮರುದಿನ ರೂಢಿಯಂತೆ ಅವೇ ಅಕ್ಷರಗಳನ್ನು ಮತ್ತೆ ಬರೆದರು. ಆಗ ಶಿಶುವು, ನಿನ್ನೆ ಬರೆದವನ್ನೇ ಇಂದೂ ಬರೆಯುವುದೇಕೆ ಎಂದು ಕೇಳಿತು. ಒಮ್ಮೆ ಕಂಡ ಮಾತ್ರಕ್ಕೆ ಅದಕ್ಕೆ ಎಲ್ಲವೂ ಬಂದುಬಿಟ್ಟಿತ್ತು.

ಇಷ್ಟನ್ನು ನಾವು ಸಂಭ್ರಮದಿಂದ ಹೇಳುತ್ತೇವೆ. ಆದರೆ ಆಮೇಲೆ ತಂದೆ ಮಾಡಿದ್ದೇನೆಂಬುದರ ಮೇಲೆ ನಮ್ಮ ಗಮನ ಹೋಗುವುದು ಕಡಿಮೆ. ಮಧ್ಯಗೇಹ ಭಟ್ಟರು ಊರಿನವರನ್ನು ಕರೆದು ಮಗನ ಪ್ರೌಢಿಮೆಯನ್ನು ತೋರಿಸಲಿಲ್ಲ. ಇಂಥ ಮಗುವಿಗೆ ಜನರ ದೃಷ್ಟಿ ತಗುಲೀತೆಂದು ಅಂಜಿ, ಮುಂದಿನ ಪಾಠವನ್ನು ವಿಜನವಾದ ಸ್ಥಳದಲ್ಲಿ, ಏಕಾಂತದಲ್ಲಿ ಹೇಳಿದರು. ಸರ್ವಜ್ಞರ ವಿದ್ಯಾಭ್ಯಾಸವು ಆರಂಭವಾದದ್ದು ಹೀಗೆ, ನಾಲ್ಕು ಜನರ ಕಣ್ಣಿಗೆ ಬೀಳದಂತೆ.

ಇಲ್ಲಿ ಕೆಲವರು ಆಕ್ಷೇಪಿಸಬಹುದು: “ಆಚಾರ್ಯರು ವಾಯುದೇವರ ಮೂರನೆಯ ಅವತಾರ. ಅವರ ಬಾಲ್ಯವನ್ನು ನಮ್ಮ ಮನೆಯ ಮಕ್ಕಳಿಗೆ ಹೋಲಿಸುವುದು ಸರಿಯೇ?” ಖಂಡಿತವಾಗಿಯೂ ಸರಿಯಲ್ಲ, ಅದು ಅಪಚಾರ. ನಾನು ಹೋಲಿಸಬೇಕೆನ್ನುವುದು ಮಕ್ಕಳನ್ನಲ್ಲ, ತಂದೆತಾಯಿಗಳನ್ನು. ಮಧ್ಯಗೇಹ ಭಟ್ಟರೂ ವೇದವತಿಯಮ್ಮನವರೂ ನಮ್ಮಂತೆಯೇ ಸಂಸಾರಿಗಳು. ನಮ್ಮಂತೆಯೇ ಮಗುವಿಗಾಗಿ ಹರಕೆ ಹೊತ್ತವರು, ಮಗು ಕಾಣದಾದಾಗ ಕಂಗೆಟ್ಟು ಹುಡುಕಿದವರು. ಅವತಾರಪುರುಷನೇ ಮಗನಾಗಿ ಬಂದಾಗಲೂ ಅವರು ಆತನನ್ನು ಮಗುವಿನಂತೆ ಸಾಕಿದರೆಂದ ಮೇಲೆ, ನಾಲ್ಕು ಸ್ತೋತ್ರ ಬಾಯಿಗೆ ಬಂದ ನಮ್ಮ ಮಗುವನ್ನು ನಾವು ಮಗುವಿನಂತೆ ಸಾಕಲಾಗದೆ?

ಸಜ್ಜನರೇ, ಇದನ್ನು ಹೇಳುವ ಅಧಿಕಾರ ನನಗಿಲ್ಲ. ಏಕೆಂದರೆ ಈ ವಿಷಯದಲ್ಲಿ ತಪ್ಪಿದವರಲ್ಲಿ ನಾನೇ ಮೊದಲಿಗ. ನನ್ನ ಮಗನಿಗೆ ಕೇಳಿದ್ದನ್ನು ಹಿಡಿದಿಡುವ ಶಕ್ತಿಯನ್ನು ಶ್ರೀಹರಿಯು ಚಿಕ್ಕಂದಿನಲ್ಲೇ ಕೊಟ್ಟಿದ್ದನು. ನಾನು ಪಾರಾಯಣ ಮಾಡುವಾಗ ತೊಡೆಯ ಮೇಲೆ ಕುಳಿತು ಕೇಳುತ್ತಿದ್ದವನು ಐದು ತುಂಬುವುದರೊಳಗೆ ಸುಮಧ್ವವಿಜಯದ ಮೂರನೆಯ ಸರ್ಗವನ್ನು ತಾನಾಗಿಯೇ ಹೇಳತೊಡಗಿದನು. ನನ್ನ ಆನಂದಕ್ಕೆ ಪಾರವಿರಲಿಲ್ಲ. ಆ ವರ್ಷದ ಮಧ್ವನವಮಿಗೆ ಅವನನ್ನು ವೇದಿಕೆಯ ಮೇಲೆ ನಿಲ್ಲಿಸಿದೆನು. ಸಭಿಕರು ಚಪ್ಪಾಳೆ ತಟ್ಟಿದರು, ಹಿರಿಯರು ಹಾರ ಹಾಕಿದರು, ಮೊಬೈಲ್ ಫೋನುಗಳಲ್ಲಿ ಚಿತ್ರ ತೆಗೆದವರು ಊರೂರಿಗೆ ಕಳುಹಿಸಿದರು. ಅಂದಿನಿಂದ ಮನೆಗೆ ಯಾರೇ ಬರಲಿ, “ಎಲ್ಲಿ ಮಗು, ಒಂದೆರಡು ಶ್ಲೋಕ ಹೇಳು” ಎಂಬುದೇ ಮಾತಾಯಿತು. ನಾನೂ ಕರೆದು ನಿಲ್ಲಿಸುತ್ತಿದ್ದೆ. ತಂದೆಯು ಮಗುವಿಗೆ ಏಕಾಂತದಲ್ಲಿ ಪಾಠ ಹೇಳಿದ ಸಂಗತಿಯಿರುವ ಸರ್ಗವನ್ನೇ ನಾನು ನೂರು ಜನರ ನಡುವೆ ಮಗುವಿನಿಂದ ಹೇಳಿಸುತ್ತಿದ್ದೇನೆಂಬ ಎಚ್ಚರ ನನಗೆ ಇರಲಿಲ್ಲ.

ಕೆಲವು ತಿಂಗಳುಗಳು ಕಳೆದ ಮೇಲೆ ಒಂದು ಸಂಗತಿ ಕಂಡುಬಂತು. ಗೇಟಿನ ಚಿಲಕದ ಸದ್ದಾದರೆ ಸಾಕು, ಹುಡುಗ ಕಾಣೆಯಾಗುತ್ತಿದ್ದನು. ಒಂದು ದಿನ ಹುಡುಕುತ್ತ ಹೋದಾಗ ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದನು. “ಇಲ್ಲೇನು ಮಾಡುತ್ತಿದ್ದೀಯೋ?” ಎಂದರೆ, “ಅಪ್ಪಾ, ಬಂದವರು ಹೋದರಾ?” ಎಂದನು. ನಾನು ಗದರಿಸಿದೆ. ಅವನು ಅಳಲಿಲ್ಲ. ಅಳದೆ ನನ್ನನ್ನು ನೋಡಿದನು. ಆ ನೋಟವನ್ನು ನಾನು ಇಂದಿಗೂ ಮರೆತಿಲ್ಲ.

ನಮ್ಮ ತೀರ್ಥರೂಪರು ಬಾಲ್ಯದಿಂದಲೂ ದೇವರ ಅರ್ಚನೆಯಲ್ಲಿ ಕಾಲ ಕಳೆದವರು, ಮಿತಭಾಷಿಗಳು. ಆ ರಾತ್ರಿ ಅವರು ನನ್ನನ್ನು ಕರೆದು ಕೇಳಿದರು: “ಅಭಿಷೇಕ, ಅಲಂಕಾರ, ಮಂಗಳಾರತಿ ಎಲ್ಲವನ್ನೂ ಜನ ನೋಡುತ್ತಾರೆ. ನೈವೇದ್ಯದ ಹೊತ್ತಿಗೆ ಮಾತ್ರ ತೆರೆ ಹಾಕುತ್ತೇವಲ್ಲ, ಏಕಪ್ಪಾ?” ದೇವರು ಉಣ್ಣುವಾಗ ದೃಷ್ಟಿ ಬೀಳಬಾರದೆಂದು, ಎಂದೆ. “ಮಗು ಕಲಿಯುವುದೂ ಉಣ್ಣುವುದೇ. ತೆರೆ ಹಾಕು” ಎಂದರು. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಪಾಠಶಾಲೆಯಲ್ಲಿ ವರ್ಷಗಟ್ಟಲೆ ಓದಿ, ಬಿ.ಎ. ಪದವಿಯನ್ನೂ ಪಡೆದ ನನಗೆ ತಿಳಿಯದಿದ್ದದ್ದು ಅವರಿಗೆ ಗರ್ಭಗುಡಿಯ ನಿತ್ಯಕರ್ಮದಿಂದಲೇ ತಿಳಿದಿತ್ತು.

ಅವರ ಮಾತಿನ ಬೆಳಕಿನಲ್ಲಿ ಶಾಸ್ತ್ರವನ್ನು ಮತ್ತೆ ನೋಡಿದಾಗ ಎಲ್ಲೆಲ್ಲಿಯೂ ಆ ತೆರೆಯೇ ಕಾಣಿಸಿತು. ಶ್ರೀಮದ್ಭಾಗವತದ ತೃತೀಯ ಸ್ಕಂಧದಲ್ಲಿ ಉದ್ಧವನು ವಿದುರನಿಗೆ ಶ್ರೀಕೃಷ್ಣನ ಬಾಲ್ಯವನ್ನು ತಿಳಿಸುತ್ತ, ಪರಮಾತ್ಮನು ತನ್ನ ತೇಜಸ್ಸನ್ನು ಮುಚ್ಚಿಟ್ಟುಕೊಂಡು 11 ವರ್ಷಗಳ ಕಾಲ ವ್ರಜದಲ್ಲಿದ್ದನೆಂದು ಹೇಳುತ್ತಾನೆ. ಮುಂದೆ ಸಾಂದೀಪನಿಗಳಲ್ಲಿ 64 ದಿನಗಳಲ್ಲಿ 64 ಕಲೆಗಳನ್ನು ಕಲಿತವನು ಅವನೇ. ಅಂಥವನು ಕರು ಕಾಯ್ದನು, ಗೆಳೆಯರೊಡನೆ ಬುತ್ತಿ ಹಂಚಿಕೊಂಡು ಉಂಡನು, ಆಟದಲ್ಲಿ ಸೋತು ಶ್ರೀದಾಮನನ್ನು ಬೆನ್ನ ಮೇಲೆ ಹೊತ್ತನು. ಕಲಿಯುವುದಕ್ಕೆ ಅವಸರವಿಲ್ಲದವನು ಆಡುವುದಕ್ಕೆ ಹನ್ನೊಂದು ವರ್ಷಗಳನ್ನು ಕೊಟ್ಟನು. ನಮಗೇಕೆ ಇಷ್ಟು ಅವಸರ?

ಸುಮಧ್ವವಿಜಯದಲ್ಲಿಯೂ ಆಟಕ್ಕೆ ಕೊರತೆಯಿಲ್ಲ. ಶಿಶು ವಾಸುದೇವನು ಮನೆಯ ಎತ್ತಿನ ಮೇಲಿನ ಪ್ರೀತಿಯಿಂದ ಅದರ ಬಾಲ ಹಿಡಿದು ಹೊರಟವನು ದಿನವೆಲ್ಲ ಕಾಡಿನಲ್ಲಿ ಅದರೊಡನೆ ಅಲೆದು ಸಂಜೆಗೆ ಮರಳಿದನು. ಉಪನಯನದ ತರುವಾಯ ಗುರುಕುಲಕ್ಕೆ ಹೋದಾಗ ಓಟದಲ್ಲಿ, ನೆಗೆತದಲ್ಲಿ, ಈಜಿನಲ್ಲಿ, ಮಲ್ಲಯುದ್ಧದಲ್ಲಿ ಓರಗೆಯ ವಟುಗಳೊಡನೆ ಸೇರಿ ಆಡುತ್ತಿದ್ದನು. ಈ ಹುಡುಗನಿಗೆ ಪಾಠದಲ್ಲಿ ಮನಸ್ಸಿಲ್ಲವೆಂದು ಗುರುಗಳೇ ಬೇಸರಗೊಂಡು ಆಕ್ಷೇಪಿಸಿದರು. ಹೇಳಿದ ಪಾಠವಷ್ಟೇ ಅಲ್ಲ, ಹೇಳದೆ ಉಳಿದಿದ್ದ ಮುಂದಿನ ಭಾಗವನ್ನೂ ಅವನು ಒಪ್ಪಿಸಿದಾಗ ಬೆರಗಾದರು. ಕವಿಗಳಾದ ಪಂಡಿತಾಚಾರ್ಯರು ಬಯಸಿದ್ದರೆ ಈ ಆಟಗಳನ್ನೆಲ್ಲ ಬಿಟ್ಟು, ಆಚಾರ್ಯರು ಹಗಲಿರುಳು ಪುಸ್ತಕ ಹಿಡಿದೇ ಇದ್ದರೆಂದು ವರ್ಣಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಆಟವು ಅವತಾರಕ್ಕೆ ಕುಂದೆಂದು ಅವರಿಗೆ ತೋರಲಿಲ್ಲ.

“ಪ್ರಹ್ಲಾದನು ಆಟಿಕೆಗಳನ್ನು ಬಿಟ್ಟನಲ್ಲವೇ?” ಎಂದು ಬಲ್ಲವರು ಕೇಳಬಹುದು. ಹೌದು, ಭಾಗವತದ ಸಪ್ತಮ ಸ್ಕಂಧದಲ್ಲಿ ಹಾಗೆ ಹೇಳಿದೆ. ಆದರೆ ಅವನೇ ಬಿಟ್ಟನು, ಯಾರೂ ಕಿತ್ತುಕೊಳ್ಳಲಿಲ್ಲ. ಹರಿಯಲ್ಲಿ ನೆಟ್ಟ ಮನಸ್ಸಿನಿಂದ ತಾನಾಗಿ ಜಾರಿದ ಆಟಿಕೆ ಬೇರೆ, ಅಪ್ಪನು ಕಪಾಟಿನಲ್ಲಿಟ್ಟು ಬೀಗ ಹಾಕಿದ ಆಟಿಕೆ ಬೇರೆ. ಅದೇ ಪ್ರಸಂಗದಲ್ಲಿ ಇನ್ನೊಂದನ್ನು ನೋಡಿರಿ. ಹಿರಣ್ಯಕಶಿಪು ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ನೀನು ಕಲಿತದ್ದರಲ್ಲಿ ಉತ್ತಮವಾದುದನ್ನು ಹೇಳು ಎಂದು ಅಕ್ಕರೆಯಿಂದಲೇ ಕೇಳುತ್ತಾನೆ. ಉತ್ತರವು ತಾನು ಬಯಸಿದಂತೆ ಬಾರದಿದ್ದಾಗ ಅದೇ ತೊಡೆಯಿಂದ ನೆಲಕ್ಕೆ ತಳ್ಳುತ್ತಾನೆ. ಅವನ ಮಹಾಪರಾಧವು ಹರಿದ್ವೇಷ, ಅದರಲ್ಲಿ ಸಂಶಯವಿಲ್ಲ. ಆದರೆ ತಂದೆಯಾಗಿ ಅವನು ಮಾಡಿದ ತಪ್ಪನ್ನು ಹರಿಭಕ್ತರಾದ ನಾವೂ ಮಾಡಬಲ್ಲೆವು. ತೊಡೆಯು ಪರೀಕ್ಷೆಯ ಸ್ಥಳವಾಗಬಾರದು. ಮಗು ಉತ್ತರ ಹೇಳಿದರೂ ಹೇಳದಿದ್ದರೂ ಕುಳಿತಿರಬಹುದಾದ ಒಂದೇ ಜಾಗ ಅದು.

ಈಗ ನಮ್ಮ ನಾಡಿನವರೇ ಆದ ಇಬ್ಬರನ್ನು ಸ್ಮರಿಸೋಣ. ಶಕುಂತಲಾ ದೇವಿಯವರು 1929ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ತಂದೆ ಸರ್ಕಸ್ಸಿನಲ್ಲಿ ದುಡಿಯುತ್ತಿದ್ದವರು. ಮೂರು ವರ್ಷದ ಮಗಳೊಡನೆ ಇಸ್ಪೀಟು ಆಡುವಾಗ ಅವಳ ಸ್ಮರಣಶಕ್ತಿ ಅವರಿಗೆ ಗೋಚರವಾಯಿತು. ಆರು ವರ್ಷಕ್ಕೇ ಆ ಬಾಲೆಯು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಗಣಿತದ ಪ್ರದರ್ಶನವಿತ್ತಳು. 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಗುಣಿಸಿ ಜಗತ್ತನ್ನೇ ಬೆರಗುಗೊಳಿಸಿದರು. 2013ರಲ್ಲಿ ನಿಧನರಾದ ಆ ಮಹಾಪ್ರತಿಭೆಗೆ ಬಾಲ್ಯದಲ್ಲಿ ಕ್ರಮವಾದ ಶಾಲೆಯ ಓದು ದೊರೆಯಲಿಲ್ಲ. ಬಡತನದ ಸಂಸಾರಕ್ಕೆ ಅವರ ಪ್ರದರ್ಶನಗಳೇ ಆಧಾರವಾಗಿದ್ದವು. ಅವರ ತಂದೆಯನ್ನು ದೂಷಿಸಲು ನಮಗೆ ಅಧಿಕಾರವಿಲ್ಲ, ಹಸಿವು ಏನನ್ನು ತಾನೇ ಮಾಡಿಸುವುದಿಲ್ಲ? ಆದರೆ ಹೊಟ್ಟೆಗೆ ಬಟ್ಟೆಗೆ ಕೊರತೆಯಿಲ್ಲದ ನಾವು ಮಕ್ಕಳನ್ನು ಪ್ರದರ್ಶನಕ್ಕೆ ನಿಲ್ಲಿಸಿದರೆ ಯಾವ ನೆಪವನ್ನು ಹೇಳೋಣ?

ಇನ್ನೊಬ್ಬರು ಗದಗಿನಲ್ಲಿ 1922ರಲ್ಲಿ ಮಾಧ್ವ ಮನೆತನದಲ್ಲಿಯೇ ಜನಿಸಿದ ಪಂಡಿತ ಭೀಮಸೇನ ಜೋಶಿಯವರು. ತಂದೆ ಗುರುರಾಜಾಚಾರ್ಯ ಜೋಶಿಯವರು ಶಾಲಾ ಮಾಸ್ತರರು. ಬಾಲಕ ಭೀಮಸೇನನು ಭಜನೆಯ ಮೇಳವೋ ಮೆರವಣಿಗೆಯ ವಾದ್ಯವೋ ಕಿವಿಗೆ ಬಿದ್ದರೆ ಅದರ ಹಿಂದೆಯೇ ಹೋಗಿ, ದಣಿದಾಗ ಎಲ್ಲೆಂದರಲ್ಲಿ ಮಲಗಿ ನಿದ್ರಿಸುತ್ತಿದ್ದನಂತೆ. ಹುಡುಕಿ ಹುಡುಕಿ ಸಾಕಾದ ತಂದೆಯು ಮಗನ ಅಂಗಿಗಳ ಮೇಲೆ, ಇವನು ಜೋಶಿ ಮಾಸ್ತರರ ಮಗನೆಂದು ಬರೆಸಿದರು. ಕಂಡವರು ಓದಿ ಮನೆಗೆ ತಂದು ಬಿಡುತ್ತಿದ್ದರು. ಎತ್ತಿನ ಬಾಲ ಹಿಡಿದು ಹೋದ ಶಿಶುವಿನ ಕಥೆಯನ್ನು ಕೇಳಿ ಬೆಳೆದವರಿಗೆ ಈ ಪ್ರಸಂಗದ ಸವಿ ಹೆಚ್ಚು. ಆ ತಂದೆಯು ಬಾಗಿಲಿಗೆ ಅಗುಳಿ ಹಾಕಬಹುದಿತ್ತು. ಅಥವಾ ಮಗನ ಸಂಗೀತದ ಹುಚ್ಚನ್ನು ಕಂಡು ಕೂಡಲೇ ವೇದಿಕೆ ಹತ್ತಿಸಬಹುದಿತ್ತು. ಎರಡನ್ನೂ ಮಾಡದೆ, ಹೋದವನು ಮರಳಿ ಬರುವಷ್ಟನ್ನು ಮಾತ್ರ ಮಾಡಿದರು. ಮುಂದೆ ಹನ್ನೊಂದರ ವಯಸ್ಸಿನಲ್ಲಿ ಗುರುವನ್ನರಸುತ್ತ ಹುಡುಗ ಮನೆ ಬಿಟ್ಟು ಓಡಿದ್ದೂ ಉಂಟು, ತಂದೆಯೇ ದೂರದ ಜಲಂಧರದಿಂದ ಕರೆತಂದದ್ದೂ ಉಂಟು. ಆಮೇಲೆ ಕುಂದಗೋಳದ ಸವಾಯಿ ಗಂಧರ್ವರ ಬಳಿ ವರ್ಷಗಳ ಕಾಲ ಸೇವೆ, ಸಾಧನೆ ನಡೆಯಿತು. 2008ರಲ್ಲಿ ಭಾರತರತ್ನ ಗೌರವವು ಘೋಷಿತವಾದದ್ದು ಆ ಅಂಗಿ ತೊಟ್ಟ ಹುಡುಗನಿಗೇ.

ಇಷ್ಟನ್ನು ಕೇಳಿ, ಹಾಗಾದರೆ ಏನನ್ನೂ ಕಲಿಸದೆ ಬಿಟ್ಟುಬಿಡಬೇಕೇ ಎಂದು ಭಾವಿಸಬಾರದು. ಅದು ಇನ್ನೊಂದು ತುದಿಯ ತಪ್ಪು. ತೆರೆ ಹಾಕುವುದು ನೈವೇದ್ಯವನ್ನು ನಿಲ್ಲಿಸುವುದಕ್ಕಲ್ಲ, ಅದು ಸರಿಯಾಗಿ ನಡೆಯಲೆಂದು. ಮಧ್ಯಗೇಹ ಭಟ್ಟರು ಏಕಾಂತದಲ್ಲಿ ಕಲಿಸಿದರೇ ವಿನಾ ಕಲಿಸದೆ ಬಿಡಲಿಲ್ಲ. ಪುರಾಣವನ್ನು ವಿವರಿಸುತ್ತಿದ್ದಾಗ ತಾವು ಬಿಟ್ಟ ಒಂದು ಮರದ ಹೆಸರಿನ ಅರ್ಥವನ್ನು ಮಗನು ಕೇಳಿ ತಾನೇ ಹೇಳಿದಾಗ, ತಂದೆಗೆ ಕೋಪ ಬಂತೆಂದು ಕಾವ್ಯವು ಹೇಳುವುದಿಲ್ಲ. ಪ್ರತಿಭಾವಂತ ಮಗುವಿನ ಪ್ರಶ್ನೆಗೆ ಉತ್ತರ ತಿಳಿಯದಿದ್ದರೆ ತಿಳಿಯದೆನ್ನುವ ವಿನಯ ನಮಗಿರಬೇಕು. ಅದರ ಹಸಿವಿಗೆ ತಕ್ಕ ಗ್ರಂಥವನ್ನೂ, ತಕ್ಕ ಗುರುವನ್ನೂ ಹುಡುಕಿಕೊಡಬೇಕು. ಬಂದದ್ದನ್ನೇ ನೂರು ಸಲ ಹೇಳಿಸಿದರೆ ಬೇಸರ ಬರುವುದು ಸಹಜ. ನಿನ್ನೆಯ ಅಕ್ಷರವೇ ಇಂದೂ ಏಕೆ ಎಂಬ ಪ್ರಶ್ನೆಯನ್ನು ಉದ್ಧಟತನವೆಂದು ತಿಳಿಯಬಾರದು.

ಅದರಂತೆಯೇ ವಿಶ್ರಾಂತಿಯೂ ವಿದ್ಯೆಯ ಅಂಗವೇ. ವೇದಾಧ್ಯಯನಕ್ಕೆ ನಮ್ಮ ಹಿರಿಯರು ಅನಧ್ಯಯನದ ದಿನಗಳನ್ನು ವಿಧಿಸಿದರು. ಎರಡು ಪಕ್ಷಗಳ ಪ್ರತಿಪದೆ, ಅಷ್ಟಮಿ, ಚತುರ್ದಶಿಗಳು, ಹುಣ್ಣಿಮೆ ಮತ್ತು ಅಮಾವಾಸ್ಯೆ ಸೇರಿ ತಿಂಗಳಿಗೆ 8 ದಿನಗಳಾದವು. ನಾವು ಪಾಠಶಾಲೆಯಲ್ಲಿದ್ದಾಗ ಆ ದಿನಗಳಲ್ಲಿ ಬಟ್ಟೆ ಒಗೆದು ಹರವಿ, ಬಯಲಿನಲ್ಲಿ ಲಗೋರಿ ಆಡುತ್ತಿದ್ದೆವು. ನಮ್ಮಲ್ಲಿ ಎಲ್ಲರಿಗಿಂತ ಬೇಗ ಸಂತೆಯನ್ನು ಹಿಡಿಯುತ್ತಿದ್ದ ಹುಡುಗನು ಲಗೋರಿಯಲ್ಲಿ ಸದಾ ಸೋಲುತ್ತಿದ್ದನು. ಅವನು ಸೋಲುವುದನ್ನೂ ನಗುವುದನ್ನೂ ಅಲ್ಲಿಯೇ ಕಲಿತನು, ನಾವು ಅವನನ್ನು ಪ್ರೀತಿಸುವುದನ್ನೂ ಅಲ್ಲಿಯೇ ಕಲಿತೆವು. ಇಂದಿನ ಮಕ್ಕಳಿಗೆ ಶಾಲೆ ಮುಗಿದರೆ ಸಂಗೀತ, ಸಂಗೀತ ಮುಗಿದರೆ ಅಬಾಕಸ್, ಅದು ಮುಗಿದರೆ ಶ್ಲೋಕದ ತರಗತಿ. ವೇದಕ್ಕೇ ರಜೆಯಿರುವಾಗ ಮಗುವಿಗಿಲ್ಲವೆಂದರೆ ಏನೆನ್ನೋಣ?

ಸಿದ್ಧಾಂತದ ದೃಷ್ಟಿಯಿಂದಲೂ ಒಂದು ಮಾತನ್ನು ಮನನ ಮಾಡಬೇಕು. ಪ್ರತಿಯೊಬ್ಬ ಜೀವನಿಗೂ ಅನಾದಿಯಾದ ಸ್ವರೂಪಯೋಗ್ಯತೆಯಿದೆಯೆಂದು ಆಚಾರ್ಯರು ತಿಳಿಸಿದ್ದಾರೆ. ಅದನ್ನು ತಂದೆತಾಯಿಗಳು ಕೊಟ್ಟದ್ದಲ್ಲ, ಹೆಚ್ಚಿಸಲೂ ಕುಗ್ಗಿಸಲೂ ಅವರಿಂದಾಗದು. ಪೂರ್ವಜನ್ಮದಲ್ಲಿ ಸಾಧಿಸಿದ ಬುದ್ಧಿಯು ಈ ಜನ್ಮದಲ್ಲಿ ಮತ್ತೆ ಬಂದು ಕೂಡುತ್ತದೆಂದು ಗೀತೆಯ ಆರನೆಯ ಅಧ್ಯಾಯದಲ್ಲಿ ಭಗವಂತನು ಅಪ್ಪಣೆ ಕೊಡಿಸಿದ್ದಾನೆ. ಹೀಗಿರುವಲ್ಲಿ ಮಗುವಿನ ಪ್ರತಿಭೆಯನ್ನು ‘ನನ್ನದು’ ಎಂದು ಬೀಗುವುದು, ಕೈಯಲ್ಲಿ ನ್ಯಾಸವಾಗಿಟ್ಟ ಪರರ ಒಡವೆಯನ್ನು ತೊಟ್ಟು ಮೆರೆದಂತೆ. ಜೀವರಲ್ಲಿ ತಾರತಮ್ಯವು ಸತ್ಯ, ಆದರೆ ಅದನ್ನು ಅಳೆಯುವ ಕೋಲು ತಂದೆತಾಯಿಗಳ ಕೈಯಲ್ಲಿಲ್ಲ. ಆದುದರಿಂದ ಒಂದು ಮಗುವನ್ನು ತೋರಿಸಿ ಇನ್ನೊಂದನ್ನು ಹಳಿಯಬಾರದು. ಶಿಶು ವಾಸುದೇವನು ಹಸಿದು ಅತ್ತಾಗ ಬೇಯಿಸಿದ ಹುರುಳಿಯನ್ನು ತಿನ್ನಿಸಿ ಸಮಾಧಾನಪಡಿಸಿದವಳು ಅವನ ಅಕ್ಕ. ಅವಳ ಹೆಸರು ಕೀರ್ತಿಗೆ ಬರಲಿಲ್ಲ. ಆದರೆ ಅವಳಿಲ್ಲದೆ ಆ ಕಥೆಯಿಲ್ಲ. ನಮ್ಮ ಮನೆಗಳಲ್ಲಿಯೂ ಪ್ರತಿಭಾವಂತನ ಅಕ್ಕನೋ ತಮ್ಮನೋ ಮೂಲೆಯಲ್ಲಿ ಕುಳಿತು ಎಲ್ಲವನ್ನೂ ನೋಡುತ್ತಿರುತ್ತಾರೆ. ಅವರನ್ನೂ ಹೆಸರು ಹಿಡಿದು ಹತ್ತಿರಕ್ಕೆ ಕರೆಯಬೇಕು.

ಗೃಹಸ್ಥರಾದ ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ಅತಿಥಿಗಳ ಮುಂದೆ ಮಗುವನ್ನು ಬಲವಂತದಿಂದ ಹಾಡಿಸಬೇಡಿರಿ, ಹೇಳಿಸಬೇಡಿರಿ. ತಾನಾಗಿ ಹೇಳಿದರೆ ಕೇಳಿ, “ಶ್ರೀಕೃಷ್ಣಾರ್ಪಣ” ಎನ್ನಲು ಕಲಿಸಿರಿ. ಹೊಗಳಿಕೆಯು ಸೇರಬೇಕಾದ ಸ್ಥಳ ಅದರಿಂದಲೇ ಮಗುವಿಗೆ ತಿಳಿಯುತ್ತದೆ. ಪ್ರತಿದಿನ ಸಂಜೆ ಓರಗೆಯ ಮಕ್ಕಳೊಡನೆ ಮಣ್ಣಿನಲ್ಲಿ ಆಡಲು ಬಿಡಿರಿ. ಮನೆಗೆಲಸದಲ್ಲಿ ಒಂದು ಪಾಲು ಕೊಡಿರಿ, ಹೂವು ಬಿಡಿಸುವುದೋ ಎಲೆ ಹಾಕುವುದೋ ಆಗಲಿ. ಐದು ವರ್ಷದವರೆಗೆ ಲಾಲನೆ, ಮುಂದಿನ ಹತ್ತು ವರ್ಷ ಶಿಕ್ಷಣ, ಹದಿನಾರಕ್ಕೆ ಮೈತ್ರಿ ಎಂದು ಹಿರಿಯರು ಹಾಕಿಕೊಟ್ಟ ಕ್ರಮವು ಬುದ್ಧಿವಂತ ಮಗುವಿಗೂ ಅನ್ವಯಿಸುತ್ತದೆ. ಬುದ್ಧಿಯು ಹತ್ತು ವರ್ಷ ಮುಂದೋಡಿರಬಹುದು, ಕತ್ತಲೆಗೆ ಹೆದರುವ ಮನಸ್ಸು ಐದು ವರ್ಷದ್ದೇ. ದೇವಸ್ಥಾನದ ಉತ್ಸವಗಳನ್ನು ನಡೆಸುವ ನಾವೂ ಎಚ್ಚರ ವಹಿಸಬೇಕು. ಬಾಲಪ್ರತಿಭೆಯೆಂದು ಒಬ್ಬನನ್ನೇ ನಿಲ್ಲಿಸುವ ಬದಲು ಮಕ್ಕಳೆಲ್ಲರನ್ನೂ ಸಾಲಾಗಿ ಕೂರಿಸಿ ಒಟ್ಟಿಗೆ ಹೇಳಿಸಿದರೆ ಸ್ವಾಮಿಗೂ ಪ್ರೀತಿ, ಮಕ್ಕಳಿಗೂ ಹಿತ.

ನನ್ನ ಮಗನ ವಿಷಯವನ್ನು ಅರ್ಧಕ್ಕೆ ಬಿಟ್ಟಿದ್ದೆ. ತೆರೆ ಹಾಕಿ ಎರಡು ವರ್ಷಗಳಾದವು. ನಾನು ಕೇಳುವುದನ್ನು ಬಿಟ್ಟ ಮೇಲೆ ಅವನೂ ಹೇಳುವುದನ್ನು ಬಿಟ್ಟನು. ಕಲಿತ ಸರ್ಗದಲ್ಲಿ ಅರ್ಧವನ್ನು ಮರೆತನು. ನನಗೆ ಸಂಕಟವಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ಈಗ ಏಳು ವರ್ಷ. ಅಜ್ಜನೊಡನೆ ಕುಳಿತು ತುಳಸಿ ಬಿಡಿಸುವಾಗ ಒಂದೊಂದು ಶ್ಲೋಕ ತಾನಾಗಿ ಬಾಯಿಗೆ ಬರುತ್ತದಂತೆ. ಅಜ್ಜ ಮೊಮ್ಮಗನಿಬ್ಬರೂ ನನಗೆ ಕೇಳಿಸದಂತೆ ಮೆಲ್ಲಗೆ ಹೇಳಿಕೊಳ್ಳುತ್ತಾರೆ. ಇನ್ನೊಮ್ಮೆ ವೇದಿಕೆ ಹತ್ತುವನೋ ಇಲ್ಲವೋ ಶ್ರೀಹರಿಯೇ ಬಲ್ಲನು. ಆದರೆ ಇಂದು ಗೇಟಿನ ಚಿಲಕದ ಸದ್ದಾದರೆ, ಬಂದವರು ಯಾರೆಂದು ನೋಡಲು ಮೊದಲು ಓಡುವವನು ಅವನೇ. ನನಗೆ ಅಷ್ಟು ಸಾಕು.

ಬಾಲರೂಪದಿಂದ ವ್ರಜದಲ್ಲಿ ಆಡಿದ ಶ್ರೀಕೃಷ್ಣನೂ, ಪಾಜಕದ ಅಂಗಳದಲ್ಲಿ ಆಡಿದ ಶ್ರೀಮದಾಚಾರ್ಯರೂ ನಮ್ಮೆಲ್ಲರ ಮನೆಗಳ ಮಕ್ಕಳಿಗೆ ಆಯುಸ್ಸು, ಆರೋಗ್ಯ, ಜ್ಞಾನ, ಭಕ್ತಿಗಳನ್ನು ಅನುಗ್ರಹಿಸಲಿ. ಆ ಮಕ್ಕಳನ್ನು ಮಕ್ಕಳನ್ನಾಗಿಯೇ ಕಾಣುವ ಕಣ್ಣನ್ನು ನಮಗೆ ಕರುಣಿಸಲಿ.

|| ಶ್ರೀಕೃಷ್ಣಾರ್ಪಣಮಸ್ತು ||